ಗೆರೆಯ ಆಚೆ ಉಳಿದ ಹನ್ನೊಂದನೆಯವರು: ಅಮೆರಿಕದ ಕಾಲೇಜು ಫುಟ್‌ಬಾಲ್ ಪಟ್ಟಿಯ ಒಂದು ಋತು



ಪ್ರಚಲಿತ ವಿದ್ಯಮಾನದ ಈ ಅಂಕಣದಲ್ಲಿ ಸಾಮಾನ್ಯವಾಗಿ ಗಡಿಭಾಗದ ಕನ್ನಡ ಶಾಲೆ, ಶಿಕ್ಷಕರ ನೇಮಕ, ಭಾಷಾ ಅಲ್ಪಸಂಖ್ಯಾತರ ಸವಲತ್ತು ಇಂಥ ವಿಷಯಗಳನ್ನೇ ಬರೆಯುತ್ತೇವೆ. ಈ ಸಲದ ವಿಷಯ ದೂರದ್ದು. ಕಾಸರಗೋಡಿನಿಂದ ಸೊಲ್ಲಾಪುರದವರೆಗೆ, ಹೊಸೂರಿನಿಂದ ಆದೋನಿಯವರೆಗೆ ನಮ್ಮ ಸದಸ್ಯರ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್. ಓದುತ್ತಿದ್ದಾರೆ. ಅಲ್ಲಿಗೆ ಹೋದ ಎರಡು ತಿಂಗಳಿಗೆ ಶನಿವಾರ ಫೋನ್ ಎತ್ತುವುದನ್ನು ಬಿಡುತ್ತಾರೆ. ಎತ್ತಿದರೂ "ಮ್ಯಾಚ್ ಇದೆಯಮ್ಮ, ನಾಳೆ ಮಾಡ್ತೀನಿ" ಎಂದು ಇಟ್ಟುಬಿಡುತ್ತಾರೆ. ಅದು ಯಾವ ಮ್ಯಾಚು, ನಮ್ಮ ಮಗ ಓದುವ ಕಾಲೇಜು ಎಷ್ಟನೆಯದು, ಹೋದ ವಾರ ಆರನೆಯದಿದ್ದದ್ದು ಈ ವಾರ ಒಂಬತ್ತಕ್ಕೆ ಹೇಗೆ ಇಳಿಯಿತು ಎಂದು ನಮ್ಮನ್ನು ಕೇಳುವ ತಂದೆತಾಯಿಗಳೂ ಇದ್ದಾರೆ.

ನಾವು ಕೆಲವು ವರ್ಷಗಳಿಂದ ಈ ಪಟ್ಟಿಯ ಬೆನ್ನು ಹತ್ತಿದವರು. ಒಲವು ಇಂಡಿಯಾನಾ ವಿಶ್ವವಿದ್ಯಾಲಯದ ಕಡೆಗೆ, ಏಕೆಂದರೆ ಪರಿಚಯದ ಮನೆಯ ಮಕ್ಕಳು ಅಲ್ಲಿದ್ದಾರೆ. ಆದರೆ ನಿಜ ಹೇಳಬೇಕೆಂದರೆ ನಮ್ಮನ್ನು ಹಿಡಿದಿಟ್ಟದ್ದು ಆಟಕ್ಕಿಂತ ಹೆಚ್ಚಾಗಿ ಪಟ್ಟಿ. 2025ರ ಆಗಸ್ಟ್‌ನಲ್ಲಿ ಶುರುವಾಗಿ 2026ರ ಜನವರಿಯಲ್ಲಿ ಮುಗಿದ ಋತು ಆ ಪಟ್ಟಿಯ ಒಳಹೊರಗನ್ನು ಚೆನ್ನಾಗಿ ತೋರಿಸಿತು. ಅದನ್ನು ಸದಸ್ಯರ ಮುಂದೆ ಇಡುವುದು ಈ ಬರಹದ ಉದ್ದೇಶ.

ಪಟ್ಟಿ ಏಕೆ ಬೇಕಾಯಿತು

ಮೊದಲಿಗೆ ಒಂದು ಮಾತು. ಅಮೆರಿಕದವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಓಡಿ, ಎದುರಾಳಿಯ ಗೆರೆ ದಾಟಿಸುವ ಆಟ. ಕಾಲೇಜು ಮಟ್ಟದ ಪಂದ್ಯಕ್ಕೂ ಒಂದು ಲಕ್ಷ ಜನ ಕೂರುವ ಕ್ರೀಡಾಂಗಣಗಳಿವೆ.

ನಮ್ಮ ಐಪಿಎಲ್‌ನಲ್ಲಿ 10 ತಂಡ, ಲೀಗ್ ಹಂತದಲ್ಲಿ ತಲಾ 14 ಪಂದ್ಯ. ಗೆದ್ದರೆ ಅಂಕ, ಅಂಕ ಸಮವಾದರೆ ನೆಟ್ ರನ್‌ರೇಟ್. ಪಟ್ಟಿ ತಾನಾಗಿ ತಯಾರಾಗುತ್ತದೆ, ಯಾರೂ ಕೂತು ತೀರ್ಮಾನಿಸಬೇಕಿಲ್ಲ. ಕಾಲೇಜು ಫುಟ್‌ಬಾಲ್‌ನ ಮೇಲ್ದರ್ಜೆಯಲ್ಲಿ 2025ರಲ್ಲಿ ಇದ್ದದ್ದು 136 ತಂಡ. ಒಂದೊಂದಕ್ಕೆ ಸಾಮಾನ್ಯ ಋತುವಿನಲ್ಲಿ ಸಿಗುವುದು 12 ಪಂದ್ಯ, ಅದರಲ್ಲಿ ಹೆಚ್ಚಿನವು ತಮ್ಮದೇ ಗುಂಪಿನೊಳಗೆ. ಆ ಗುಂಪಿಗೆ ಅವರು ಕಾನ್ಫರೆನ್ಸ್ ಎನ್ನುತ್ತಾರೆ. ಎರಡು ಒಳ್ಳೆಯ ತಂಡಗಳು ಹತ್ತು ವರ್ಷ ಮುಖಾಮುಖಿಯಾಗದೇ ಇರಬಹುದು. ಹಾಗಿರುವಾಗ ಯಾರು ಮೇಲು ಎಂಬುದನ್ನು ಮನುಷ್ಯರೇ ಹೇಳಬೇಕಾಗುತ್ತದೆ.

ಹಾಗೆ ಹೇಳುವವರು ಮೂರು ಕಡೆ ಇದ್ದಾರೆ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಪಟ್ಟಿ 1936ರಿಂದ ಬರುತ್ತಿದೆ. ಸುಮಾರು 60 ಮಂದಿ ಕ್ರೀಡಾ ಪತ್ರಕರ್ತರು ತಲಾ 25 ತಂಡಗಳ ಹೆಸರು ಬರೆದು ಕಳಿಸುತ್ತಾರೆ. ಮೊದಲ ಸ್ಥಾನಕ್ಕೆ 25 ಅಂಕ, ಕೊನೆಯ ಸ್ಥಾನಕ್ಕೆ ಒಂದು, ಎಲ್ಲವನ್ನೂ ಕೂಡಿದರೆ ಪಟ್ಟಿ. ಎರಡನೆಯದು ತರಬೇತುದಾರರ ಪಟ್ಟಿ, 1950ರಿಂದ ಇದೆ. ಇವೆರಡಕ್ಕೂ ಗೌರವವಿದೆ, ಅಧಿಕಾರವಿಲ್ಲ. ಚಾಂಪಿಯನ್‌ಶಿಪ್‌ಗೆ ಯಾರು ಆಡಬೇಕೆಂದು ನಿರ್ಧರಿಸುವುದು ಮೂರನೆಯ ಪಟ್ಟಿ. ಅದನ್ನು ಪ್ಲೇಆಫ್ ಆಯ್ಕೆ ಸಮಿತಿ ತಯಾರಿಸುತ್ತದೆ. 2014ರಿಂದ ಈ ವ್ಯವಸ್ಥೆ ಇದೆ. 2023ರವರೆಗೆ ನಾಲ್ಕು ತಂಡಗಳಿಗೆ ಅವಕಾಶವಿತ್ತು, 2024ರಿಂದ ಹನ್ನೆರಡಕ್ಕೆ.

ಸಮಿತಿಯಲ್ಲಿ ಹನ್ನೆರಡು ಹದಿಮೂರು ಸದಸ್ಯರು. ವಿಶ್ವವಿದ್ಯಾಲಯಗಳ ಕ್ರೀಡಾ ನಿರ್ದೇಶಕರು, ಹಳೆಯ ತರಬೇತುದಾರರು, ಹಳೆಯ ಆಟಗಾರರು ಇರುತ್ತಾರೆ. ಟೆಕ್ಸಾಸ್‌ನ ಒಂದು ಹೋಟೆಲಿನಲ್ಲಿ ಸಭೆ. ತಮ್ಮ ಸ್ವಂತ ವಿಶ್ವವಿದ್ಯಾಲಯದ ಚರ್ಚೆ ಬಂದಾಗ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು. 2025ರ ಋತುವಿನಲ್ಲಿ ಐದು ಸ್ಥಾನ ಕಾನ್ಫರೆನ್ಸ್ ಗೆದ್ದವರಲ್ಲಿ ಪಟ್ಟಿಯ ಮೇಲಿನ ಐವರಿಗಿತ್ತು. ಉಳಿದ ಏಳು ಸ್ಥಾನ ರ‍್ಯಾಂಕಿಂಗ್ ಪ್ರಕಾರ. ಒಂದು ಮಟ್ಟಿಗೆ ಇದು ಮೀಸಲಾತಿಯೂ ಮೆರಿಟ್ಟೂ ಸೇರಿದ ಪಟ್ಟಿ.

ಆಗಸ್ಟ್‌ನ ಪಟ್ಟಿ ನಿಂತಿರುವುದು ಹೆಸರಿನ ಮೇಲೆ

ಒಂದು ಪಂದ್ಯವೂ ನಡೆಯುವ ಮೊದಲೇ ಆಗಸ್ಟ್‌ನಲ್ಲಿ ಪತ್ರಕರ್ತರ ಮೊದಲ ಪಟ್ಟಿ ಬರುತ್ತದೆ. ಹೋದ ವರ್ಷದ ನೆನಪು, ಊರಿನ ಹೆಸರು, ತರಬೇತುದಾರರ ಸಂಬಳ, ಸೇರಿದ ಆಟಗಾರರ ಖ್ಯಾತಿ ನೋಡಿ ಬರೆಯುವ ಪಟ್ಟಿ ಅದು. 2025ರಲ್ಲಿ ಮೊದಲ ಸ್ಥಾನ ಟೆಕ್ಸಾಸ್‌ಗೆ, ಎರಡನೆಯದು ಪೆನ್ ಸ್ಟೇಟ್‌ಗೆ, ನಾಲ್ಕನೆಯದು ಕ್ಲೆಮ್ಸನ್‌ಗೆ. ನಮ್ಮ ಇಂಡಿಯಾನಾ 20ನೆಯದು.

ಏನಾಯಿತು ನೋಡಿ. ಆಗಸ್ಟ್ 30ರಂದು ಮೊದಲ ಪಂದ್ಯದಲ್ಲೇ ಟೆಕ್ಸಾಸ್ ತಂಡ ಒಹಾಯೊ ಸ್ಟೇಟ್ ಎದುರು 14-7ರಲ್ಲಿ ಸೋತಿತು. ಪೆನ್ ಸ್ಟೇಟ್ ಅಕ್ಟೋಬರ್ ಮೊದಲ ವಾರ, ಅದುವರೆಗೆ ಒಂದು ಪಂದ್ಯವನ್ನೂ ಗೆಲ್ಲದ ಯುಸಿಎಲ್ಎ ಎದುರು 42-37ರಲ್ಲಿ ಸೋತಿತು. ಅದಾದ ಮುಂದಿನ ವಾರ ಅವರ ತರಬೇತುದಾರ ಜೇಮ್ಸ್ ಫ್ರಾಂಕ್ಲಿನ್ ಕೆಲಸ ಕಳೆದುಕೊಂಡರು. ಕ್ಲೆಮ್ಸನ್ ಗೆಲುವು ಸೋಲು ಹೆಚ್ಚುಕಡಿಮೆ ಸಮ ಮಾಡಿಕೊಂಡು ಋತು ಮುಗಿಸಿತು.

ಇಂಡಿಯಾನಾ ಕಥೆ ಬೇರೆ. ಈ ದರ್ಜೆಯ ಇತಿಹಾಸದಲ್ಲೇ ಅತಿ ಹೆಚ್ಚು ಸೋಲು ಕಂಡ ತಂಡ ಎಂಬ ಬಿರುದು ಹೊತ್ತು ಅದು 2025ರ ಋತುವಿಗೆ ಇಳಿದಿತ್ತು. 2023ರಲ್ಲಿ 12 ಪಂದ್ಯಗಳಲ್ಲಿ ಗೆದ್ದದ್ದು ಮೂರು. ಆ ವರ್ಷದ ಕೊನೆಗೆ ಕರ್ಟ್ ಸಿಗ್ನೆಟಿ ಎಂಬ ತರಬೇತುದಾರ ಬಂದರು. 2025ರ ಅಕ್ಟೋಬರ್ 11ರಂದು ಓರೆಗನ್ ತಂಡವನ್ನು ಅದರ ನೆಲದಲ್ಲೇ 30-20ರಿಂದ ಸೋಲಿಸಿದರು. ನವೆಂಬರ್ 8ರಂದು ಪೆನ್ ಸ್ಟೇಟ್ ಎದುರು ಪಂದ್ಯ ಕೈತಪ್ಪಿತು ಎನ್ನುವಾಗ ಕೊನೆಯ ನಿಮಿಷದಲ್ಲಿ ಗೆರೆಯ ಅಂಚಿನಲ್ಲಿ ಚೆಂಡು ಹಿಡಿದು 27-24ರಲ್ಲಿ ಗೆದ್ದರು. ಡಿಸೆಂಬರ್ 6ರಂದು ಒಹಾಯೊ ಸ್ಟೇಟ್ ಎದುರು 13-10. ಅಲ್ಲಿಗೆ ಪಟ್ಟಿಯಲ್ಲಿ ಮೊದಲ ಸ್ಥಾನ.

ಇಷ್ಟರಿಂದ ಒಂದು ಮಾತು ಹೇಳಬಹುದು. ಎಲ್ಲ ಪಂದ್ಯ ಗೆಲ್ಲುವವರನ್ನು ಪಟ್ಟಿ ತಡೆದು ನಿಲ್ಲಿಸುವುದು ಕಷ್ಟ. 20ರಲ್ಲಿ ಇಟ್ಟರೂ ಅವರು ಮೇಲೆ ಬರುತ್ತಾರೆ. ಎಲ್ಲ ಸೋಲುವವರಿಗೂ ಪಟ್ಟಿಯ ಹಂಗಿಲ್ಲ. ಪಟ್ಟಿಯ ನಿಜವಾದ ಅಧಿಕಾರ ಕಾಣುವುದು ಒಂದೋ ಎರಡೋ ಪಂದ್ಯ ಸೋತವರ ಮೇಲೆ, ಅಂದರೆ ಗೆರೆಯ ಆಚೀಚೆ ನಿಂತವರ ಮೇಲೆ.

ಬುಧವಾರ ಬೆಳಗಿನ ಪಟ್ಟಿ

ನಮಗಿರುವ ಅನುಕೂಲವೆಂದರೆ ಹೊತ್ತು. ಅಲ್ಲಿ ಶನಿವಾರ ಮಧ್ಯಾಹ್ನ 12ಕ್ಕೆ ಶುರುವಾಗುವ ಪಂದ್ಯ ಇಲ್ಲಿ ಶನಿವಾರ ರಾತ್ರಿ 9.30ಕ್ಕೆ. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಿಟ್ಟ ಮೇಲೆ 10.30ಕ್ಕೆ. ರಾತ್ರಿ ಪಂದ್ಯಗಳು ನಮಗೆ ಭಾನುವಾರ ನಸುಕಿಗೆ ಬರುತ್ತವೆ. ಪತ್ರಕರ್ತರ ಪಟ್ಟಿ ಭಾನುವಾರ ರಾತ್ರಿ ಮಲಗುವ ಹೊತ್ತಿಗೆ. ನವೆಂಬರ್‌ನಿಂದ ಸಮಿತಿಯ ಪಟ್ಟಿ ಅಲ್ಲಿ ಮಂಗಳವಾರ ಸಂಜೆ ಟಿ.ವಿ.ಯಲ್ಲಿ ಬರುತ್ತದೆ, ನಮಗದು ಬುಧವಾರ ಬೆಳಗಿನ ಕಾಫಿಯ ಹೊತ್ತು.

2025ರ ನವೆಂಬರ್ 4ರಂದು ಸಮಿತಿಯ ಮೊದಲ ಪಟ್ಟಿ ಬಂತು. ಅದರಲ್ಲಿ ನೋಟರ್ ಡೇಮ್ ಹತ್ತನೆಯದು, ಮಿಯಾಮಿ ಹದಿನೆಂಟನೆಯದು. ಇಬ್ಬರದೂ ಆರು ಗೆಲುವು, ಎರಡು ಸೋಲು. ಜೊತೆಗೆ ಆಗಸ್ಟ್ 31ರಂದು ಈ ಎರಡು ತಂಡಗಳೇ ಆಡಿದ್ದವು, ಮಿಯಾಮಿ 27-24ರಲ್ಲಿ ಗೆದ್ದಿತ್ತು. ಗೆದ್ದವರು ಎಂಟು ಸ್ಥಾನ ಕೆಳಗೆ, ಸೋತವರು ಮೇಲೆ. ಆಮೇಲೆ ಸೋತ ಪಂದ್ಯಗಳು ಯಾರ ಎದುರು, ಈಗ ಆಟ ಹೇಗಿದೆ ಎಂಬ ಲೆಕ್ಕ ಸಮಿತಿಯದು. ಅದನ್ನು ಒಪ್ಪೋಣ.

ಮುಂದಿನ ವಾರಗಳಲ್ಲಿ ಎರಡೂ ತಂಡ ಗೆಲ್ಲುತ್ತಲೇ ಹೋದವು. ಇಬ್ಬರದೂ 10 ಗೆಲುವು, 2 ಸೋಲು ಆಯಿತು. ಡಿಸೆಂಬರ್ 2ರ ಪಟ್ಟಿಯಲ್ಲಿ ಅಲಬಾಮಾ 9, ನೋಟರ್ ಡೇಮ್ 10, ಬ್ರಿಗಮ್ ಯಂಗ್ 11, ಮಿಯಾಮಿ 12. ಆ ವಾರಾಂತ್ಯ ಕಾನ್ಫರೆನ್ಸ್ ಫೈನಲ್‌ಗಳು. ನೋಟರ್ ಡೇಮ್ ಯಾವ ಕಾನ್ಫರೆನ್ಸ್‌ಗೂ ಸೇರದ ಸ್ವತಂತ್ರ ತಂಡ, ಅದಕ್ಕೆ ಪಂದ್ಯವಿಲ್ಲ. ಮಿಯಾಮಿ ತನ್ನ ಗುಂಪಿನ ಫೈನಲ್‌ಗೆ ಬಂದಿರಲಿಲ್ಲ, ಅದಕ್ಕೂ ಪಂದ್ಯವಿಲ್ಲ. ಇಬ್ಬರೂ ಮನೆಯಲ್ಲಿ ಕೂತರು. ಡಿಸೆಂಬರ್ 7ರ ಭಾನುವಾರ ನಮ್ಮ ರಾತ್ರಿ 10.30ಕ್ಕೆ ಅಂತಿಮ ಪಟ್ಟಿ ಬಂದಾಗ ಮಿಯಾಮಿ 10, ನೋಟರ್ ಡೇಮ್ 11.

ಕಾನ್ಫರೆನ್ಸ್ ಗೆದ್ದ ಸಣ್ಣ ತಂಡಗಳಾದ ತುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್‌ಗೆ ನಿಯಮದ ಪ್ರಕಾರ ಎರಡು ಜಾಗ ಹೋಗಬೇಕಿತ್ತು. ಆದ್ದರಿಂದ ಆ ವರ್ಷ ಗೆರೆ ಬಿದ್ದದ್ದು ಹತ್ತರ ಕೆಳಗೆ. ಹತ್ತನೆಯವರು ಒಳಗೆ, ಹನ್ನೊಂದನೆಯವರು ಹೊರಗೆ. ಆ ಮೂರು ದಿನ ಮೈದಾನಕ್ಕೇ ಇಳಿಯದ ತಂಡ ಮೈದಾನಕ್ಕೇ ಇಳಿಯದ ಇನ್ನೊಂದು ತಂಡಕ್ಕೆ ಜಾಗ ಬಿಟ್ಟುಕೊಟ್ಟಿತು.

ಸಮಿತಿಯ ಅಧ್ಯಕ್ಷ ಹಂಟರ್ ಯುರಾಚೆಕ್ ಕೊಟ್ಟ ವಿವರಣೆ ಹೀಗಿತ್ತು. ಬ್ರಿಗಮ್ ಯಂಗ್ ತಂಡ ಟೆಕ್ಸಾಸ್ ಟೆಕ್ ಎದುರು 34-7ರಲ್ಲಿ ಸೋತು ಕೆಳಗಿಳಿಯಿತು. ಅದು ನಡುವಿನಿಂದ ಸರಿದ ಮೇಲೆ ನೋಟರ್ ಡೇಮ್ ಮತ್ತು ಮಿಯಾಮಿ ಅಕ್ಕಪಕ್ಕ ಬಂದವು. ಅಕ್ಕಪಕ್ಕ ಬಂದಾಗ ಮುಖಾಮುಖಿ ಪಂದ್ಯದ ಫಲಿತಾಂಶ ಲೆಕ್ಕಕ್ಕೆ ಬಂತು, ಮಿಯಾಮಿ ಮೇಲೆ ಹೋಯಿತು.

ತರ್ಕ ತಪ್ಪಲ್ಲ. ಮುಖಾಮುಖಿ ಗೆದ್ದವರು ಮೇಲಿರಬೇಕು ಎಂಬುದನ್ನು ಹಳ್ಳಿಯ ಕಬಡ್ಡಿ ಪಂದ್ಯ ನೋಡುವವರೂ ಒಪ್ಪುತ್ತಾರೆ. ಆದರೆ ಆಗಸ್ಟ್ 31ರಂದು ನಡೆದ ಪಂದ್ಯ ನವೆಂಬರ್ 4ಕ್ಕೂ ನಡೆದೇ ಇತ್ತು. ಐದು ಪಟ್ಟಿಗಳಲ್ಲಿ ಲೆಕ್ಕಕ್ಕೆ ಬಾರದ ಪಂದ್ಯ ಆರನೆಯ ಪಟ್ಟಿಯಲ್ಲಿ ನಿರ್ಣಾಯಕವಾಯಿತು. ಅದೇ ವಾರಾಂತ್ಯ ಅಲಬಾಮಾ ಜಾರ್ಜಿಯಾ ಎದುರು 28-7ರಲ್ಲಿ ಸೋತಿತು, ಅದು ಅದರ ಮೂರನೆಯ ಸೋಲು. ಅದರ ಒಂಬತ್ತನೆಯ ಸ್ಥಾನ ಮಾತ್ರ ಅಲುಗಲಿಲ್ಲ. ಫೈನಲ್ ಸೋತ ಒಬ್ಬರು ಇಳಿದರು, ಇನ್ನೊಬ್ಬರು ಇದ್ದಲ್ಲೇ ಇದ್ದರು.

2023ರಲ್ಲೂ ಹೀಗೇ

ಇದು ಮೊದಲ ಸಲವಲ್ಲ. 2023ರಲ್ಲಿ ನಾಲ್ಕೇ ಸ್ಥಾನ ಇದ್ದಾಗ ಫ್ಲಾರಿಡಾ ಸ್ಟೇಟ್ 13ಕ್ಕೆ 13 ಗೆದ್ದು ಕಾನ್ಫರೆನ್ಸ್ ಚಾಂಪಿಯನ್ ಆಗಿತ್ತು. ಆದರೆ ನವೆಂಬರ್‌ನಲ್ಲಿ ಅದರ ಮುಖ್ಯ ಆಟಗಾರ, ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಕಾಲಿಗೆ ಪೆಟ್ಟು ಬಿದ್ದು ಋತುವಿನಿಂದ ಹೊರಗುಳಿದರು. ಕೊನೆಯ ವಾರಕ್ಕೆ ಮೊದಲು ಆ ತಂಡ ನಾಲ್ಕನೆಯದು, ಅಲಬಾಮಾ ಎಂಟನೆಯದು. ಅಂತಿಮ ಪಟ್ಟಿಯಲ್ಲಿ ಒಂದು ಸೋಲಿದ್ದ ಅಲಬಾಮಾ ನಾಲ್ಕನೆಯದಾಯಿತು, ಸೋಲೇ ಇಲ್ಲದ ಫ್ಲಾರಿಡಾ ಸ್ಟೇಟ್ ಐದನೆಯದು. ಆಟಗಾರರ ಗೈರುಹಾಜರಿಯನ್ನು ಪರಿಗಣಿಸಬಹುದು ಎಂದು ಸಮಿತಿಯ ನಿಯಮದಲ್ಲೇ ಇದೆ. ಆದರೂ ಗೆದ್ದು ತೋರಿಸಿದ್ದಕ್ಕಿಂತ ಮುಂದೆ ಸೋಲಬಹುದು ಎಂಬ ಅಂದಾಜು ಹೆಚ್ಚು ತೂಗಿದ್ದು ಅಲ್ಲಿನ ಜನ ಇಂದಿಗೂ ಮರೆತಿಲ್ಲ.

ಮುಂದೆ ಆರೆಂಜ್ ಬೌಲ್ ಪಂದ್ಯದಲ್ಲಿ ಫ್ಲಾರಿಡಾ ಸ್ಟೇಟ್ ಜಾರ್ಜಿಯಾ ಎದುರು 63-3ರಲ್ಲಿ ಸೋತಿತು. ನೋಡಿ, ಸಮಿತಿ ಹೇಳಿದ್ದೇ ಸರಿ ಎಂದವರಿದ್ದಾರೆ. ಅವಕಾಶ ತಪ್ಪಿದ ಮೇಲೆ ಆ ತಂಡದ ಎಷ್ಟೋ ಮುಖ್ಯ ಆಟಗಾರರು ಆ ಪಂದ್ಯಕ್ಕೆ ಇಳಿಯಲೇ ಇಲ್ಲ. ಹಾಗೆಯೇ 2025ರಲ್ಲಿ ಒಳಗೆ ಬಂದ ಮಿಯಾಮಿ, ಟೆಕ್ಸಾಸ್ ಎ ಅಂಡ್ ಎಂ ತಂಡವನ್ನು 10-3ರಿಂದ, ಒಹಾಯೊ ಸ್ಟೇಟ್ ತಂಡವನ್ನು 24-14ರಿಂದ, ಓಲ್ ಮಿಸ್ ತಂಡವನ್ನು 31-27ರಿಂದ ಸೋಲಿಸಿ ಫೈನಲ್‌ವರೆಗೆ ಹೋಯಿತು. ಸಮಿತಿ ಸರಿಯಾದವರನ್ನೇ ಆರಿಸಿತು ಎಂದು ಮತ್ತೆ ಮಾತು ಬಂತು. ನಮ್ಮ ಅಭಿಪ್ರಾಯ ಬೇರೆ. ನೇಮಕವಾದ ಅಭ್ಯರ್ಥಿ ಚೆನ್ನಾಗಿ ಕೆಲಸ ಮಾಡಿದ ಮಾತ್ರಕ್ಕೆ ಸಂದರ್ಶನ ಸರಿಯಾಗಿ ನಡೆಯಿತು ಎಂದು ಹೇಳಲಾಗುವುದಿಲ್ಲ. ಹೊರಗುಳಿದವರು ಏನು ಮಾಡುತ್ತಿದ್ದರು ಎಂಬುದಕ್ಕೆ ಯಾರ ಬಳಿಯೂ ದಾಖಲೆಯಿಲ್ಲ.

ತಾತ್ಕಾಲಿಕ ಪಟ್ಟಿ, ಆಕ್ಷೇಪಣೆ, ಅಂತಿಮ ಪಟ್ಟಿ

ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಜ್ಯೇಷ್ಠತಾ ಪಟ್ಟಿಯ ಕ್ರಮ ಗೊತ್ತು. ಮೊದಲು ತಾತ್ಕಾಲಿಕ ಪಟ್ಟಿ, ಮೇಲೆ ದಪ್ಪ ಅಕ್ಷರದಲ್ಲಿ ಹಾಗೆಂದೇ ಬರೆದಿರುತ್ತದೆ. ಇಷ್ಟು ದಿನದೊಳಗೆ ಆಕ್ಷೇಪಣೆ ಸಲ್ಲಿಸಿ ಎಂದು ಸೂಚನೆ. ಬಂದ ಆಕ್ಷೇಪಣೆಗೆ ಉತ್ತರ, ಆಮೇಲೆ ಅಂತಿಮ ಪಟ್ಟಿ. ತಡವಾಗುತ್ತದೆ, ಬೈಗುಳ ತಿನ್ನಬೇಕಾಗುತ್ತದೆ. ಆದರೂ ಕೆಳಗಿಳಿದವನಿಗೆ ತಾನು ಏಕೆ ಇಳಿದೆ ಎಂಬ ಕಾಗದ ಒಂದು ಕೈಗೆ ಸಿಗುತ್ತದೆ.

ಅಮೆರಿಕದ ಸಮಿತಿ ಪ್ರತಿ ವಾರ ಖಾಲಿ ಹಾಳೆಯಿಂದ ಶುರು ಮಾಡುತ್ತೇವೆ ಎನ್ನುತ್ತದೆ. ಹೋದ ವಾರದ ಸ್ಥಾನ ಈ ವಾರಕ್ಕೆ ಆಧಾರವಲ್ಲ ಎಂಬುದು ಅದರ ಅರ್ಥ. ಹಾಗಿದ್ದರೆ ವಾರವಾರ ಪಟ್ಟಿ ಪ್ರಕಟಿಸುವುದೇಕೆ? ಟಿ.ವಿ. ಕಾರ್ಯಕ್ರಮಕ್ಕೆ ಬೇಕು, ಜನ ಮಾತಾಡಲು ಬೇಕು. ನಮ್ಮಂಥ ಅಭಿಮಾನಿಗಳು ಬುಧವಾರ ಬೆಳಿಗ್ಗೆ ಎದ್ದು ನೋಡುತ್ತೇವಲ್ಲ, ಅದಕ್ಕೆ ಬೇಕು. ಆದರೆ ಮೊದಲ ಹತ್ತರೊಳಗೆ ಎಂದು ಐದು ವಾರ ಹೇಳಿಸಿಕೊಂಡ ಹುಡುಗರು ಅದನ್ನು ಮಾತು ಎಂದೇ ತಿಳಿಯುತ್ತಾರೆ. ನೋಟರ್ ಡೇಮ್‌ನವರು ಸಿಟ್ಟಿಗೆದ್ದು ತಮಗೆ ಸಿಗಬಹುದಾಗಿದ್ದ ಬೇರೆ ಬೌಲ್ ಪಂದ್ಯವನ್ನೂ ಬೇಡವೆಂದರು. ಕೊನೆಯ ವರ್ಷದ ಹುಡುಗರಿಗೆ ಅಲ್ಲಿಗೆ ಕಾಲೇಜು ಆಟ ಮುಗಿಯಿತು.

ಹಣವೂ ಸಣ್ಣದಲ್ಲ. ಪ್ಲೇಆಫ್‌ಗೆ ಒಂದು ತಂಡ ಬಂದರೆ ಅದರ ಕಾನ್ಫರೆನ್ಸ್‌ಗೆ 40 ಲಕ್ಷ ಡಾಲರ್, ಮುಂದೆ ಹೋದಂತೆ ಇನ್ನಷ್ಟು. ನೋಟರ್ ಡೇಮ್ ಸ್ವತಂತ್ರವಾದ್ದರಿಂದ ಹಂಚಿಕೊಳ್ಳುವ ಪ್ರಶ್ನೆಯಿಲ್ಲ. 2025ರಿಂದ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದೆಂದು ಆಗಿದೆ. ಹೀಗಾಗಿ ಹತ್ತು ಹನ್ನೊಂದರ ನಡುವಿನ ಗೆರೆ ಬರೀ ಮಾನದ ಗೆರೆಯಾಗಿ ಉಳಿದಿಲ್ಲ.

ಇನ್ನೊಂದು ಸಂಗತಿ ಗಮನಿಸಬೇಕು. ಮೊದಲೇ ಆಗಿದ್ದ ಒಪ್ಪಂದದ ಪ್ರಕಾರ 2026ರಿಂದ ನೋಟರ್ ಡೇಮ್ ಮೊದಲ ಹನ್ನೆರಡರೊಳಗೆ ಇದ್ದರೆ ಪ್ಲೇಆಫ್ ಸ್ಥಾನ ಖಚಿತ. ಇದೇ ಹನ್ನೊಂದನೆಯ ಸ್ಥಾನ ಒಂದು ವರ್ಷ ತಡವಾಗಿ ಬಂದಿದ್ದರೆ ಅವರು ಒಳಗಿರುತ್ತಿದ್ದರು. ಮಾತುಕತೆಯ ಮೇಜಿನಲ್ಲಿ ಕುರ್ಚಿ ಇದ್ದವರಿಗೆ ತಮ್ಮ ಹೆಸರಿನಲ್ಲೇ ಒಂದು ಕಲಂ ಬರೆಸಿಕೊಳ್ಳಲು ಆಗುತ್ತದೆ. ತುಲೇನ್, ಜೇಮ್ಸ್ ಮ್ಯಾಡಿಸನ್ ಇಂಥವರಿಗೆ ಆ ಕುರ್ಚಿಯಿಲ್ಲ. ಇವರಿಬ್ಬರೂ ಮೊದಲ ಸುತ್ತಿನಲ್ಲೇ ಸೋತ ಕೂಡಲೇ ಇಂಥವರಿಗೆ ಜಾಗವೇಕೆ ಎಂಬ ಮಾತು ಎದ್ದಿತು. ಅದೇ ಸುತ್ತಿನಲ್ಲಿ ಟೆಕ್ಸಾಸ್ ಎ ಅಂಡ್ ಎಂ ಮತ್ತು ಓಕ್ಲಹೋಮಾ ಎಂಬ ದೊಡ್ಡ ತಂಡಗಳೂ ಸೋತವು. ಅವರಿಗೆ ಜಾಗವೇಕೆ ಎಂದು ಯಾರೂ ಕೇಳಲಿಲ್ಲ.

ನಮಗೆ ಇದರಲ್ಲಿ ಏನಿದೆ

ಗಡಿನಾಡಿನವರಿಗೆ ಗೆರೆ ಎಂದರೆ ಏನೆಂದು ಹೇಳಿಕೊಡಬೇಕಿಲ್ಲ. 1967ರಲ್ಲಿ ಮಹಾಜನ ಆಯೋಗದ ವರದಿ ಬಂದಾಗ ರಾಜಧಾನಿಗಳಲ್ಲಿ ಕೂತವರಿಗೆ ಅದು ಸುದ್ದಿ, ಗೆರೆಯ ಮೇಲಿದ್ದ ಊರಿನವರಿಗೆ ಅದು ಮಕ್ಕಳ ಶಾಲೆ, ಕಚೇರಿಯ ಅರ್ಜಿ, ಮನೆಯ ಭಾಷೆ. ಆಟವನ್ನೂ ಅದನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಆದರೆ ಪಟ್ಟಿಯನ್ನೋ ನಕ್ಷೆಯನ್ನೋ ನೋಡುವಾಗ ನಮ್ಮವರ ಕಣ್ಣು ಮೊದಲು ಅಂಚಿಗೆ ಹೋಗುತ್ತದೆ. ಆ ಅಭ್ಯಾಸ ಇಲ್ಲೂ ಉಪಯೋಗಕ್ಕೆ ಬಂತು. ಮೊದಲ ಸ್ಥಾನ ಯಾರಿಗೆ ಎಂಬುದು ಮೈದಾನದಲ್ಲಿ ತೀರ್ಮಾನವಾಗುತ್ತದೆ. ಕೊನೆಯ ಜಾಗ ಯಾರಿಗೆ ಎಂಬುದು ಕೋಣೆಯೊಳಗೆ. ಒಂದು ಸಮಿತಿ ನ್ಯಾಯವಾಗಿ ನಡೆಯುತ್ತಿದೆಯೇ ಎಂದು ತಿಳಿಯಬೇಕಾದರೆ ಅದು ಕೊನೆಯ ಜಾಗವನ್ನು ಹೇಗೆ ಹಂಚಿತು ಎಂದು ನೋಡಬೇಕು.

ಸಮಿತಿಯೇ ಬೇಡ, ಎಲ್ಲವನ್ನೂ ಕಂಪ್ಯೂಟರ್ ಲೆಕ್ಕಕ್ಕೆ ಬಿಡಿ ಎನ್ನುವವರಿದ್ದಾರೆ. 1998ರಿಂದ 2013ರವರೆಗೆ ಇದ್ದ ಬಿಸಿಎಸ್ ಪದ್ಧತಿಯಲ್ಲಿ ಕಂಪ್ಯೂಟರ್ ಲೆಕ್ಕವೂ ಸೇರಿತ್ತು. 2003ರಲ್ಲಿ ಆ ಪದ್ಧತಿಯ ಚಾಂಪಿಯನ್ ಎಲ್‌ಎಸ್‌ಯು, ಪತ್ರಕರ್ತರ ಪಟ್ಟಿಯ ಚಾಂಪಿಯನ್ ಯುಎಸ್‌ಸಿ, ಹೀಗೆ ಇಬ್ಬರಾದರು. 2004ರಲ್ಲಿ ಒಂದೂ ಸೋಲದ ಆಬರ್ನ್ ತಂಡ ಫೈನಲ್‌ನಿಂದ ಹೊರಗುಳಿಯಿತು. ಲೆಕ್ಕಕ್ಕೆ ಹಾಕಿದರೂ ಯಾವುದಕ್ಕೆ ಎಷ್ಟು ತೂಕ ಎಂದು ಬರೆಯುವವರು ಮನುಷ್ಯರೇ.

ನಮ್ಮ ಬೇಡಿಕೆ ಇಷ್ಟೇ ಇರಬೇಕು. ಮುಖಾಮುಖಿ ಗೆಲುವಿಗೆ ತೂಕವಿದೆ ಎಂದಾದರೆ ಅದು ನವೆಂಬರ್ ಮೊದಲ ಪಟ್ಟಿಯಿಂದಲೇ ಕಾಣಲಿ. ಫೈನಲ್ ಸೋತರೆ ಇಳಿಯಬೇಕು ಎಂದಾದರೆ ಎಲ್ಲರೂ ಇಳಿಯಲಿ. ವಾರದ ಪಟ್ಟಿ ತಾತ್ಕಾಲಿಕ ಎಂದಾದರೆ ಹಾಗೆಂದು ಮೇಲೆ ಬರೆಯಲಿ, ಕಾರಣವನ್ನೂ ಕೆಳಗೆ ಬರೆಯಲಿ.

ಇಂಡಿಯಾನಾ ಕಥೆ ಮುಗಿಸಿಬಿಡುತ್ತೇವೆ. ರೋಸ್ ಬೌಲ್‌ನಲ್ಲಿ ಅಲಬಾಮಾ ಎದುರು 38-3, ಸೆಮಿಫೈನಲ್‌ನಲ್ಲಿ ಓರೆಗನ್ ಎದುರು 56-22. 2026ರ ಜನವರಿ 19ರಂದು ಫೈನಲ್, ಮಿಯಾಮಿಯ ತವರು ಮೈದಾನದಲ್ಲೇ, ಮಿಯಾಮಿ ಎದುರು 27-21. ಹದಿನಾರಕ್ಕೆ ಹದಿನಾರು ಗೆಲುವು, ಆ ವಿಶ್ವವಿದ್ಯಾಲಯದ ಮೊದಲ ಫುಟ್‌ಬಾಲ್ ಚಾಂಪಿಯನ್‌ಶಿಪ್. ನಮ್ಮಲ್ಲಿ ಆಗ ಮಂಗಳವಾರ ಬೆಳಗು.

ಮುಂದಿನ ಋತು ಆಗಸ್ಟ್ ಕೊನೆಗೆ ಶುರುವಾಗುತ್ತದೆ. ಆಗಸ್ಟ್‌ನ ಪಟ್ಟಿ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಅಕ್ಟೋಬರ್‌ವರೆಗೆ ಸೋಲುಗೆಲುವಿನ ಕಾಲಂ ಮಾತ್ರ ನೋಡಿ. ನವೆಂಬರ್‌ನಿಂದ ಎಂಟರಿಂದ ಹದಿಮೂರರವರೆಗಿನ ಸಾಲುಗಳನ್ನು ಬರೆದಿಟ್ಟುಕೊಳ್ಳಿ, ಕಥೆಯೆಲ್ಲ ಅಲ್ಲೇ ಇರುತ್ತದೆ. ಮಕ್ಕಳಿಗೆ ಫೋನ್ ಮಾಡುವುದಿದ್ದರೆ ಶನಿವಾರ ರಾತ್ರಿ ಬಿಟ್ಟು ಭಾನುವಾರ ಸಂಜೆ ಮಾಡಿ. ಅವರ ತಂಡ ಎಷ್ಟನೆಯದೆಂದು ನೀವೇ ಮೊದಲು ಹೇಳಿದರೆ ಮಾತು ಅರ್ಧ ಗಂಟೆ ಹೆಚ್ಚು ನಡೆಯುತ್ತದೆ.

ಅಮೆರಿಕದಲ್ಲಿ ಓದುತ್ತಿರುವ ನಮ್ಮ ಮಕ್ಕಳು ಈ ವಿಷಯವಾಗಿ ಬರೆಯುವುದಿದ್ದರೆ ಕನ್ನಡದಲ್ಲೇ ಬರೆದು ಸಂಘಕ್ಕೆ ಕಳುಹಿಸಲಿ. ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ